ಮುದ್ದಯ್ಯನ ನಂಬರು

ಮದ್ದೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿರುವ ವನಜಾಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಪ್ರಾರ್ಥನೆಯ ಸಾಲು ಸೊಟ್ಟಗಿದ್ದರೆ ಸಿಟ್ಟು, ಖೋಖೋ ಕಂಬ ಅಲ್ಲಾಡಿದರೆ ಸಿಟ್ಟು, ಬಸ್ಸಿನ ಕಿಟಕಿಯಿಂದ ಯಾರಾದರೂ ಟವೆಲು ಎಸೆದು ಸೀಟು ಹಿಡಿದರೆ ಅದಕ್ಕೂ ಸಿಟ್ಟು. ಐವತ್ತು ದಾಟಿದ ಮೇಲಾದರೂ ತಾಳ್ಮೆ ಬರಬೇಕಿತ್ತು. ಬರುವುದಿರಲಿ, ಇದ್ದಷ್ಟನ್ನೂ ಈಚೆಗೆ ಅವಳ ತಾತ ಮುದ್ದಯ್ಯ ಕಿತ್ತುಕೊಂಡಿದ್ದ. ಆ ತಾತನನ್ನು ಅವಳು ಕಂಡವಳಲ್ಲ. ಅವಳೇನು, ಅವಳ ತಾಯಿ ಪಟ್ಟಲಮ್ಮನೇ ತನ್ನ ಅಪ್ಪನ ಮುಖ ಕಂಡವಳಲ್ಲ.

ಮುದ್ದಯ್ಯ ಬೆಳಕವಾಡಿಯ ಕೇರಿಯವನು. ಎರಡನೇ ಮಹಾಯುದ್ಧದ ಕಾಲದಲ್ಲಿ, ಪಟ್ಟಲಮ್ಮ ಇನ್ನೂ ಹೊಟ್ಟೆಯಲ್ಲಿರುವಾಗ, "ದಂಡಿಗೆ ಓಯ್ತೀನಿ" ಎಂದು ಹೆಂಡತಿ ಸಣ್ಣತಾಯಮ್ಮನಿಗೆ ಹೇಳಿ ಹೊರಟವನು ಮತ್ತೆ ಬರಲಿಲ್ಲ. ಕಾಗದವಿಲ್ಲ, ಸುದ್ದಿಯಿಲ್ಲ. ಊರು ಎಷ್ಟು ದಿನ ಕಾಯುತ್ತದೆ? ದಂಡೂ ಇಲ್ಲ, ಗುಂಡೂ ಇಲ್ಲ, ಯಾವಳದೋ ಸೆರಗು ಹಿಡಿದು ಕಾಫಿತೋಟಕ್ಕೆ ಓಡಿಹೋದ ಎಂದು ತೀರ್ಮಾನ ಮಾಡಿಬಿಟ್ಟಿತು. ಪಟ್ಟಲಮ್ಮನಿಗೆ ಎಂಬತ್ತು ತುಂಬಿದ ಮೇಲೂ ನಲ್ಲಿಯ ಹತ್ತಿರ ಮಾತಿಗೆ ಮಾತು ಬೆಳೆದರೆ 'ಓಡೋದೋನ ಮಗಳು' ಎಂಬ ಬೈಗುಳ ತಪ್ಪುತ್ತಿರಲಿಲ್ಲ.

ಅದೂ ಹಾಗೇ ಹೋಗುತ್ತಿತ್ತೇನೋ. ಅಷ್ಟರಲ್ಲಿ ಕೇರಿಯ ಸಂಘದವರು ಹಿಂದೆ ಯುದ್ಧಕ್ಕೆ ಹೋದ ತಮ್ಮವರ ಹೆಸರು ಕೆತ್ತಿಸಿ, ಸಮುದಾಯ ಭವನದ ಮುಂದೆ ಒಂದು ಕಲ್ಲು ನಿಲ್ಲಿಸಬೇಕೆಂದು ಹೊರಟರು. ಸಂಘದ ಅಧ್ಯಕ್ಷ ಕೆಂಪಸಿದ್ದಯ್ಯ ರೆವಿನ್ಯೂ ಇನ್ಸ್‌ಪೆಕ್ಟರಾಗಿ ರಿಟೈರಾದವನು. ಪಟ್ಟಲಮ್ಮ ಕೋಲೂರಿಕೊಂಡು ಅವನ ಮುಂದೆ ಹೋಗಿ ನಿಂತಳು.

"ನಮ್ಮಪ್ಪನ ಎಸ್ರೂ ಬರ್ಸು."

"ಕಾಗ್ದ ಎಲ್ಲೈತೆ ಚಿಕ್ಕವ್ವ?"

"ಕಾಗ್ದ ಇದ್ದಿದ್ರೆ ನಿನ್ ತಾವ್ ಯಾಕ್ಲಾ ಬತ್ತಿದ್ದೆ?"

ಕೆಂಪಸಿದ್ದಯ್ಯ ನಗಲಿಲ್ಲ. "ಕಾಗ್ದ ಇಲ್ದೆ ನಮ್ಮೋರು ಎಷ್ಟು ಜಮೀನು ಕಳ್ಕಂಡ್ರು ಅನ್ನೋದು ನಂಗೊತ್ತು. ಇವತ್ತು ನಿಮ್ಮಪ್ಪಂದು ಬರ್ಸುದ್ರೆ, ನಾಳೀಕೆ ಇನ್ನೊಬ್ಬ ನಮ್ ತಾತ್ನೂ ಓಗಿದ್ದ ಅಂತಾನೆ. ಆಗ ನಾನೇನ್ ಮಾಡ್ಲಿ?"

ಅವತ್ತೇ ಪಟ್ಟಲಮ್ಮ ಮದ್ದೂರಿಗೆ ಫೋನು ಹಾಕಿಸಿದಳು. "ಅಮ್ಮೀ, ನೀನು ಓದ್ದೋಳಲ್ವಾ? ನಮ್ಮಪ್ಪನ್ನ ಉಡುಕ್ಕೊಡು." ಮೇಯಲು ಬಿಟ್ಟ ಎಮ್ಮೆ ತಪ್ಪಿಸಿಕೊಂಡಿದೆ, ಹೊಡೆದುಕೊಂಡು ಬಾ ಎಂದ ಹಾಗಿತ್ತು ಆ ಮಾತು.

ವನಜಾ ರಜೆ ಹಾಕಿ ಮಂಡ್ಯಕ್ಕೆ ಹೋದಳು. ಯಾರೋ ಹೇಳಿದ ಕಚೇರಿಯಲ್ಲಿ, ಯಾರೋ ತೋರಿಸಿದ ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ತಲೆಯೆತ್ತದೆ ಕೇಳಿದ, "ನಂಬರು ಹೇಳಿ."

"ಯಾವ ನಂಬರು ಸಾರ್?"

"ಸಿಪಾಯಿ ನಂಬರು. ಅದಿಲ್ಲದೆ ಫೈಲು ಹುಡುಕೋಕಾಗಲ್ಲ."

"ನಂಬರು ಎಲ್ಲಿ ಸಿಗುತ್ತೆ?"

"ಫೈಲಲ್ಲಿರುತ್ತೆ."

ವನಜಾ ಅವನನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು. ಸೈನ್ಯದ ಹಳೆಯ ದಾಖಲೆ ಇಟ್ಟುಕೊಂಡ ಒಂದು ಕಚೇರಿಗೆ ಬರೆದರೆ, ಯುದ್ಧ ಮುಗಿದ ಮೇಲೆ ಮುಚ್ಚಿಹೋದ ಪಲ್ಟನ್ನುಗಳ ಕಾಗದ ನಮ್ಮಲ್ಲಿಲ್ಲ, ಇಂಥಲ್ಲಿ ಕೇಳಿ ಎಂದು ಉತ್ತರ ಬಂತು. ಇಂಥಲ್ಲಿಗೆ ಬರೆದರೆ ಅವರು ಮೊದಲಿನವರನ್ನೇ ಕೇಳಿ ಎಂದರು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದಕ್ಕೆ, 'ಈ ಹೆಸರಿನ, ಈ ಊರಿನ ಯಾವ ವ್ಯಕ್ತಿಯೂ ಪತ್ತೆಯಾಗಿಲ್ಲ' ಎಂಬ ಒಂದೇ ಸಾಲು. ಯುದ್ಧದಲ್ಲಿ ಸತ್ತವರ ಹೆಸರುಗಳು ಇಂಟರ್ನೆಟ್ಟಿನಲ್ಲಿವೆ ಎಂದು ಸ್ಕೂಲಿನ ಇತಿಹಾಸದ ಮೇಷ್ಟರು ಹೇಳಿದರು. ಮುದ್ದಯ್ಯನನ್ನು ಇಂಗ್ಲಿಷಿನಲ್ಲಿ ಎಷ್ಟು ರೀತಿ ಬರೆಯಬಹುದೋ ಅಷ್ಟೂ ರೀತಿ ಬರೆದು ನೋಡಿದಳು. ಮುತ್ತಯ್ಯ ಸಿಕ್ಕಿದ, ಮುಡಯ್ಯ ಸಿಕ್ಕಿದ, ಮದ್ದಯ್ಯನೂ ಸಿಕ್ಕಿದ. ಒಬ್ಬ ಮಧುರೆಯವನು, ಒಬ್ಬ ಸೇಲಂನವನು. ಬೆಳಕವಾಡಿಯವನು ಒಬ್ಬನೂ ಇಲ್ಲ. ಈ ನಡುವೆ ತಾಯಿಯ ಫೋನು ತಪ್ಪುತ್ತಿರಲಿಲ್ಲ. "ಸಿಕ್ಕುದ್ನಾ?" ಎಂದು ಕೇಳುವಳು. ಇಲ್ಲವೆಂದರೆ, "ನೀನ್ ಸರ್ಯಾಗಿ ಕೇಳಿರಾಕಿಲ್ಲ ಬುಡು" ಎಂದು ಇಟ್ಟುಬಿಡುವಳು.

ಹೀಗೆ ಎರಡು ವರ್ಷ ಸವೆಯಿತು. ಅವರೆಕಾಯಿ ಕಾಲದಲ್ಲೊಂದು ಭಾನುವಾರ ವನಜಾ ಬೆಳಕವಾಡಿಗೆ ಬಂದಳು. ತಮ್ಮ ಮಹದೇವುವಿನ ಮನೆಯ ಜಗಲಿಯಲ್ಲಿ ತಾಯಿಯ ಎದುರು ಕೂತು ಕಾಯಿ ಬಿಡಿಸುತ್ತಾ ಸ್ಪಷ್ಟವಾಗಿ ಹೇಳಿದಳು, "ಸಾಕವ್ವ. ನನ್ ಕೈಲಾಗಲ್ಲ. ತಾತ ಯಾವ ಕಾಗದದಲ್ಲೂ ಇಲ್ಲ."

ಪಟ್ಟಲಮ್ಮ ಸಿಪ್ಪೆ ಕೊಡವುತ್ತಾ, ಮಳೆ ಬರಬಹುದು ಅನ್ನುವ ದನಿಯಲ್ಲಿ ಅಂದಳು, "ಆ ಕೊತ್ತತ್ತಿ ಗೌಡ ಬದ್ಕಿದ್ದಿದ್ರೆ ಕೇಳ್ಬೋದಿತ್ತು."

"ಯಾವ ಕೊತ್ತತ್ತಿ ಗೌಡ?"

"ನಂಗೆ ಆರೋ ಏಳೋ ವರ್ಸ. ಪ್ಯಾಟ ಕಟ್ಕಂಡಿದ್ದ ಒಬ್ಬ ಬಂದಿದ್ದ. ಒಂದ್ ಸೀರೆ, ಬೆಲ್ಲದ ಗಂಟು ತಂದಿದ್ದ. ಅವ್ವಂತಾವ ನಿಂತ್ಕಂಡು ಏನೋ ಏಳ್ದ. ಅವ್ವ ಪರಕೆ ತಕ್ಕಂಡು ಓಡುಸ್ಬುಟ್ಲು. ಬೆಲ್ಲ ಎಲ್ಲಾ ಬೀದಿಗ್ ಚೆಲ್ಲೋಯ್ತು. ನಾ ಒಂದ್ ಉಂಡೆ ಎತ್ಕಂಡು ತಿಂದ್ನಲ್ಲಾ, ಅದ್ಕೆ ನಂಗೂ ಬಿತ್ತು ಪರಕೇಲಿ."

"ಅವನ್ಯಾಕೆ ಬಂದಿದ್ದ ಇಲ್ಲಿಗೆ?"

"ನಮ್ಮಪ್ಪ ಅವರ ಅಟ್ಟೀಲಿ ಆಳಾಗಿದ್ನಲ್ಲ. ನಾಲೆ ಬಂದ ಒಸದ್ರಲ್ಲಿ ಆ ಕಡೀಕ್ ಕೂಲಿಗೋಗಿ ಅಲ್ಲೇ ನಿಂತಿದ್ನಂತೆ. ಕರಿಯಪ್ಪ ಅಂತ್ಲೋ ಏನೋ ಆ ಗೌಡನ ಎಸ್ರು."

ವನಜಾ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಬಿಸಾಡಿದಳು. "ಎರಡು ವರ್ಷ! ಎರಡು ವರ್ಷದಿಂದ ನಾನು ಕಂಡೋರ ಕಾಲಿಗೆಲ್ಲ ಬಿದ್ದಿದ್ದೀನಿ. ಇದನ್ನ ಈಗ ಹೇಳ್ತಿದ್ದೀಯಾ?"

"ನೀ ಕೇಳ್ನಿಲ್ವಲ್ಲ," ಎಂದಳು ಪಟ್ಟಲಮ್ಮ.

ಮುಂದಿನ ಭಾನುವಾರ ವನಜಾ ಕೊತ್ತತ್ತಿಯಲ್ಲಿ ಕರಿಯಪ್ಪನ ಮನೆ ಕೇಳಿಕೊಂಡು ಹೋದಳು. ಮೊಮ್ಮಗ ಪುನೀತ್ ಅಂಗಳದಲ್ಲಿ ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ನಮ್ಮದು ಬೆಳಕವಾಡಿ, ನಮ್ಮ ತಾತ ದಂಡಿಗೆ ಹೋದವನು, ನಿಮ್ಮ ತಾತನೂ ಮಿಲಿಟರಿಯಲ್ಲಿದ್ದರೇ ಎಂದು ಕೇಳಿದ್ದಕ್ಕೆ ಅಲ್ಲಿಂದಲೇ ನಕ್ಕ. "ನಮ್ ತಾತ ಮಂಡ್ಯ ದಾಟಿ ಓದೋರಲ್ಲ ಮೇಡಂ. ರೈಲು ಕಂಡ್ರೂ ಎದ್ರೋರು."

'ಬೆಳಕವಾಡಿ' ಎಂಬ ಮಾತು ಕಿವಿಗೆ ಬಿದ್ದಿರಬೇಕು, ಒಳಗಿನಿಂದ ಅವನ ತಾಯಿ ಚಿಕ್ಕಬೋರಮ್ಮ ಹೊರಗೆ ಬಂದಳು. ಕರಿಯಪ್ಪನ ಸೊಸೆ, ಎಪ್ಪತ್ತು ದಾಟಿದ ಹೆಂಗಸು. ವನಜಾಳನ್ನು ಮೇಲಿನಿಂದ ಕೆಳಗೆ ನೋಡಿ, "ಮುದ್ದನ ಕಡೇಳಾ ನೀನು?" ಎಂದಳು.

"ಮೊಮ್ಮಗಳು."

"ಒಳೀಕ್ ಬಾ," ಎಂದಳು. ವನಜಾ ಕೂತ ಮೇಲೆ, ಕಾಫಿಗೂ ಕಾಯದೆ ಮಾತು ತೆಗೆದಳು.

ಕರಿಯಪ್ಪ ಹುಡುಗನಾಗಿದ್ದಾಗ ಅಪ್ಪನ ಮೇಲೆ ಮುನಿಸಿಕೊಂಡು ಮಂಡ್ಯಕ್ಕೆ ಹೋಗಿ ದಂಡಿಗೆ ಹೆಸರು ಬರೆಸಿ ಬಂದ. ಬೆಂಗಳೂರಿಗೆ ಬಂದು ಹಾಜರಾಗು ಎಂದು ಚೀಟಿ ಕೊಟ್ಟರು. ಅವನ ತಾಯಿ ಬಾವಿಕಟ್ಟೆಯ ಮೇಲೆ ಕೂತಳು. ನೀನು ಆ ಕಡೆ ಹೊರಟರೆ ನಾನು ಈ ಕಡೆ ಬೀಳುತ್ತೇನೆ ಎಂದಳು. ಹೋಗದಿದ್ದರೆ ಪೊಲೀಸರು ಬರುತ್ತಾರೆಂಬ ಭಯ ಬೇರೆ. ಕೊನೆಗೆ ಆ ಚೀಟಿ ಹಿಡಿದು ಹೋದವನು ಆಳು ಮುದ್ದ.

"ಆ ಪಲ್ಟನ್ಗೆ ನಿಮ್ಮೋರ್ನ ತಕ್ಕತಿರ್ನಿಲ್ವಂತೆ. ಅದ್ಕೇ ಅಲ್ಲೂ ಅವ್ನು ಕೊತ್ತತ್ತಿ ಕರಿಯಪ್ಪ ಅಂತ್ಲೇ ಇದ್ದ. ಎರಡ್ ವರ್ಸಕ್ಕೆ ಕಾಗ್ದ ಬಂತು, ನಿಮ್ ಮಗ ಕರಿಯಪ್ಪ ತೀರೋದ ಅಂತ. ನಮ್ ಮಾವ ಆಗ ಗದ್ದೇಲಿ ಆರು ಕಟ್ಟಿ ಉಳ್ತಿದ್ರಂತೆ. ಯಾರಿಗ್ ಏಳಾನ? ಏಳುದ್ರೆ ಜೈಲು ಅಂತ ಬಾಯ್ ಮುಚ್ಕಂಡ್ರು. ಆಮೇಲೆ ಒಂದ್ ದಿನ ಜೀವ ತಡೀನಾರ್ದೆ ಬೆಳಕವಾಡಿಗ್ ಓಗಿದ್ರಂತೆ."

ವನಜಾ ತಡೆದು ಕೇಳಿದಳು, "ಮುದ್ದಯ್ಯ ತಾನೇ ಹೋಗ್ತೀನಿ ಅಂದಿದ್ನೋ, ನಿಮ್ಮೋರು ಕಳಿಸಿದ್ರೋ?"

"ಅವ್ನೇ ಕೇಳ್ಕಂಡು ಓದ ಅಂತಿದ್ರು ಮನೇಲಿ. ನಾ ಈ ಅಟ್ಟಿಗ್ ಬಂದಿದ್ದು ಎಷ್ಟೋ ವರ್ಸದ್ ಮೇಲೆ. ನಮ್ ಮಾವನ್ನ ಆ ಮಾತು ಕೇಳ್ದಾಗೆಲ್ಲ ಎದ್ದು ಗದ್ದೆ ಕಡೀಕ್ ಓಗ್ಬುಡೋರು. ನಿಜ ಏಳ್ಬೇಕು ಅಂದ್ರೆ ನಂಗೊತ್ತಿಲ್ಲ ಕಣವ್ವ."

ಹಿಂದಿರುಗುವ ಬಸ್ಸಿನಲ್ಲೇ ವನಜಾ ಫೋನು ತೆಗೆದು ಸತ್ತವರ ಪಟ್ಟಿಯಲ್ಲಿ ಕರಿಯಪ್ಪ, ಕೊತ್ತತ್ತಿ ಎಂದು ಹುಡುಕಿದಳು. ಮೊದಲನೆಯದೇ ಅವನು. ಪಕ್ಕದಲ್ಲಿ ನಂಬರು. ಅಷ್ಟು ದಿನ ಯಾರು ಕೇಳಿದರೂ ಕೊಡಲಾಗದಿದ್ದ ಆ ನಂಬರನ್ನು ನೋಡಿ ಅವಳಿಗೆ ಅಳು ಬರಲಿಲ್ಲ. ಫೋನನ್ನು ಕಿಟಕಿಯಿಂದ ಎಸೆಯಬೇಕು ಅನ್ನಿಸಿತು.

ನಂಬರು ಹಾಕಿ ಬರೆದ ಮೇಲೆ ತಿಂಗಳೊಳಗೇ ನಕಲು ಬಂತು. ಎಡ ಹುಬ್ಬಿನ ಮೇಲೆ ಗಾಯದ ಗುರುತು. ಕೆಲಸ, ಹೇಸರಗತ್ತೆಗಳನ್ನು ನಡೆಸುವುದು. ಬರ್ಮಾ ಗಡಿಯ ಆಸ್ಪತ್ರೆಯೊಂದರಲ್ಲಿ ಭೇದಿಯಿಂದ ಸಾವು. ಕೆಳಗೆ ಒಂದು ಹೆಬ್ಬೆಟ್ಟು. ವನಜಾ ಎಲ್ಲವನ್ನೂ ತಾಯಿಗೆ ಓದಿ ಹೇಳಿದಳು.

"ಕತ್ತೆ ಒಡ್ಯಾಕೆ ಅಷ್ಟು ದೂರ ಓಗ್ಬೇಕಿತ್ತಾ?" ಪಟ್ಟಲಮ್ಮ ರೇಗಿದಳು. "ಇಲ್ಲಿರ್ನಿಲ್ವಾ ಕತ್ತೆ?" ಸ್ವಲ್ಪ ಹೊತ್ತು ಆ ಹೆಬ್ಬೆಟ್ಟನ್ನು ದಿಟ್ಟಿಸಿದಳು. ಆಮೇಲೆ ಅವಳ ಸಿಟ್ಟು ಬೇರೆ ಕಡೆ ತಿರುಗಿತು. "ನಮ್ಮವ್ವಂಗೆ ಗೊತ್ತಿತ್ತು. ಗೌಡ ಬಂದು ಏಳಿದ್ದ. ಆದ್ರೂ ಸಾಯೋಗಂಟ ಬಳೆ ತೆಗೀನಿಲ್ಲ, ಕುಂಕುಮ ಅಳುಸ್ನಿಲ್ಲ. ಊರೋರು ಓಡೋದೋನು ಅಂದ್ರೆ ಸುಮ್ಕೆ ಇರೋಳು. ನಂಗೆ ಎಷ್ಟ್ ಉರೀತಿತ್ತು!"

"ಯಾಕವ್ವ ಹಾಗಿದ್ಲು?"

"ಓಡೋದೋನು ಎಂದಾದ್ರೂ ಬಂದಾನು ಅಂತ. ಸತ್ತೋನು ಬರಾಕಿಲ್ವಲ್ಲ." ಪಟ್ಟಲಮ್ಮ ಕಾಗದ ಮಡಿಸಿ ಮಗಳ ಕೈಗಿಟ್ಟಳು. "ನಂಗೊಂದ್ ಮಾತು ಏಳ್ಬೋದಿತ್ತು."

ಕೆಂಪಸಿದ್ದಯ್ಯ ಕನ್ನಡಕ ಹಾಕಿಕೊಂಡು ಆ ಕಾಗದವನ್ನು ಎರಡು ಸಲ ಓದಿದ. "ಇದ್ರಲ್ಲಿ ಗೌಡನ ಎಸ್ರೈತಲ್ಲಮ್ಮ. ಮುದ್ದಯ್ಯ ಎಲ್ಲವ್ನೆ?"

ವನಜಾ ಹಲ್ಲು ಕಚ್ಚಿ ಹೆಸರು ತಿದ್ದಿಸಲು ದಾಖಲೆಯವರಿಗೇ ಫೋನು ಮಾಡಿದಳು. ತಿದ್ದುಪಡಿಯನ್ನು ಸಿಪಾಯಿಯ ಮನೆಯವರೇ ಕೇಳಬೇಕು ಎಂದರು. "ನಾವೇ ಮನೆಯವರು," ಎಂದಳು. ದಾಖಲೆಯ ಪ್ರಕಾರ ಅಲ್ಲ, ಕೊತ್ತತ್ತಿಯವರು ಮನೆಯವರು ಎಂದರು. ಪುನೀತನನ್ನು ಕೇಳಿದರೆ ಅವನು ಕೈ ಹಿಸುಕಿಕೊಂಡ. "ಮೇಡಂ, ಹಳೇ ಮೋಸ ಅಂತ ಕೇಸ್ಗೀಸ್ ಆದ್ರೆ? ವಕೀಲರನ್ನ ಕೇಳಿ ಹೇಳ್ತೀನಿ." ವಾರ ಕಳೆಯಿತು, ಎರಡು ವಾರ ಕಳೆಯಿತು. ಫೋನೆತ್ತುವುದನ್ನೂ ಬಿಟ್ಟ, ಕಲ್ಲಿನ ಸಭೆಯ ದಿನ ತಿಳಿಸಿದ ಮೆಸೇಜಿಗೂ ಉತ್ತರ ಕೊಡಲಿಲ್ಲ. ವನಜಾ ಆ ದಿನಗಳಲ್ಲಿ ಮಕ್ಕಳನ್ನು ಮೈದಾನ ಸುತ್ತಿಸಿದ್ದು ಅಷ್ಟಿಷ್ಟಲ್ಲ.

ಕಲ್ಲಿಗೆ ಹೆಸರು ಅಖೈರು ಮಾಡುವ ಸಭೆಯ ದಿನ ಸಮುದಾಯ ಭವನದ ಮುಂದೆ ಒಂದು ಕಾರು ನಿಂತಿತು. ಮುಖ ಗಂಟು ಹಾಕಿಕೊಂಡ ಪುನೀತ್ ಬಾಗಿಲು ತೆಗೆದ. ಚಿಕ್ಕಬೋರಮ್ಮ ಇಳಿದು ನೇರ ಒಳಗೆ ಬಂದಳು. ವನಜಾಗೇ ಇದು ಗೊತ್ತಿರಲಿಲ್ಲ. ಅವಳು ಎದ್ದು, ಇವರು ಕೊತ್ತತ್ತಿಯ ಕರಿಯಪ್ಪನವರ ಸೊಸೆ ಎಂದು ಹೇಳಿದಳು.

"ಇಲ್ಲಿ ಅದ್ಯಕ್ಸ ಯಾರಪ್ಪ?"

ಕೆಂಪಸಿದ್ದಯ್ಯ ಎದ್ದು ನಿಂತ.

"ಕರಿಯಪ್ಪ ದಂಡಲ್ಲಿ ಸತ್ತ ಅಂತ ಬರ್ದದಂತಲ್ಲ ನಿನ್ ಕಾಗ್ದದಲ್ಲಿ? ಆ ಕರಿಯಪ್ಪಂಗೆ ನಾನು ಮೂವತ್ತು ವರ್ಸ ಮುದ್ದೆ ಇಕ್ಕಿವ್ನಿ. ಕೆಮ್ಮಿ ಕೆಮ್ಮಿ ನಮ್ ಜಗಲಿ ಮೇಲೆ ಪ್ರಾಣ ಬುಟ್ಟ. ವರ್ಸಾ ವರ್ಸಾ ಪಿತೃಪಕ್ಸಕ್ಕೆ ಎಡೆ ಇಕ್ತೀನಿ. ಒಬ್ಬ ಮನ್ಸ ಎರಡು ಸಲ ಸತ್ತಾನಾ? ಏಳು!"

ಕೆಂಪಸಿದ್ದಯ್ಯ ಒಂದು ಬಿಳಿ ಹಾಳೆ ತೆಗೆದು, ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದ. ತಾನು ಸರ್ವಿಸಿನಲ್ಲಿ ಬರೆದ ಎಷ್ಟೋ ಮಹಜರುಗಳಿಗಿಂತ ನಿಧಾನವಾಗಿ ಬರೆದ. ಕೆಳಗೆ ಚಿಕ್ಕಬೋರಮ್ಮನ ರುಜು ಹಾಕಿಸಿ, ಪುನೀತನಿಗೂ ಪೆನ್ನು ಕೊಟ್ಟ. ಅವನು ತಾಯಿಯ ಮುಖ ನೋಡಿದ, ಹಾಕಿದ. ಆಮೇಲೆ ಮುಂದೆ ಕೂತಿದ್ದ ಪಟ್ಟಲಮ್ಮನ ಕಡೆ ತಿರುಗಿ, "ಇದು ಸಾಕು ಚಿಕ್ಕವ್ವ," ಎಂದ ಕೆಂಪಸಿದ್ದಯ್ಯ.

ಕಲ್ಲಿನಲ್ಲಿ ಮುದ್ದಯ್ಯನ ಹೆಸರು ಬಂತು. ಸೈನ್ಯದ ದಾಖಲೆಯಲ್ಲಿ ಮಾತ್ರ ಅವನು ಇವತ್ತಿಗೂ ಕೊತ್ತತ್ತಿಯ ಕರಿಯಪ್ಪನೇ. ವನಜಾ ಬರೆಯುತ್ತಲೇ ಇದ್ದಾಳೆ, 'ಪರಿಶೀಲನೆಯಲ್ಲಿದೆ' ಎಂದು ಅವರೂ ಬರೆಯುತ್ತಲೇ ಇದ್ದಾರೆ.

ಸಭೆ ಮುಗಿದ ಆ ಮಧ್ಯಾಹ್ನ ಪಟ್ಟಲಮ್ಮ ಚಿಕ್ಕಬೋರಮ್ಮನಿಗೆ ಕೈಮುಗಿಯಲಿಲ್ಲ, ಒಳ್ಳೆಯ ಮಾತೊಂದನ್ನೂ ಆಡಲಿಲ್ಲ. ಕಾರಿನ ಬಾಗಿಲ ಹತ್ತಿರ ಬಂದು ನಿಂತು ಅಂದಳು, "ನಮ್ಮಪ್ಪನ್ನ ನಿಮ್ಮೋರೇ ಕಳ್ಸಿದ್ದು ಅಂತ್ಲೇ ನನ್ ಲೆಕ್ಕ."

"ಇದ್ದರೂ ಇರ್ಬೋದು ಕಣವ್ವ," ಎಂದಳು ಚಿಕ್ಕಬೋರಮ್ಮ.

"ಮತ್ತೆ ಉಂಡ್ಕಂಡ್ ಓಗು. ಒಟ್ಟೆ ಅಸ್ಕಂಡ್ ಓದ್ಲು ಅಂತ ಆ ಮಾತು ಬೇರೆ ನಂಗ್ಯಾಕೆ?"

ಪುನೀತ್ ಗಡಿಯಾರ ನೋಡಿಕೊಂಡ. ಚಿಕ್ಕಬೋರಮ್ಮ ಅವನ ಕಡೆ ತಿರುಗಲಿಲ್ಲ. ಪಟ್ಟಲಮ್ಮನ ಹಿಂದೆ ನಡೆದು ಹೋಗಿ, ಕೈ ತೊಳೆದು, ಅಡುಗೆಮನೆಯ ಬಾಗಿಲಲ್ಲಿ ಮಣೆ ಎಳೆದುಕೊಂಡು ಕೂತಳು. ಮುದ್ದೆ ಬಿತ್ತು, ಮೇಲೆ ಬಸ್ಸಾರು ಬಿತ್ತು. ಒಂದು ತುತ್ತು ನುಂಗಿ, "ಉಪ್ಪು ಕಮ್ಮಿ," ಎಂದಳು.

"ನಮ್ಮಟ್ಟೀಲಿ ಇಂಗೇ," ಎಂದು ಪಟ್ಟಲಮ್ಮ ಉಪ್ಪಿನ ಡಬ್ಬಿಯನ್ನು ಅವಳತ್ತ ತಳ್ಳಿದಳು.