ಸೇತುವೆಯ ಮೇಲೆ ನಿಧಾನಿಸುವವನು

ಗುರಲಿಂಗಪ್ಪ ಕುರ್ಲಾದಲ್ಲಿರುವ ಅಂಗಾರನ ಗೇಮ್ ಪಾರ್ಲರಿಗೆ ಮೊದಲ ಸಲ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಸಿಮೆಂಟು ಮೆತ್ತಿದ ಚಪ್ಪಲಿಯನ್ನು ಗುಡಿಗೆ ಬಂದವನಂತೆ ಬಾಗಿಲಲ್ಲೇ ಬಿಟ್ಟು, "ಅಣ್ಣಾರ, ನಮ್ಮ ಬ್ರಿಜ್ ಇರೋ ರೇಸಿನ ಆಟ ಐತೇನ್ರೀ?" ಎಂದು ಕೇಳಿದ. "ಮುಂಬಯಿಯ ರಸ್ತೆಯೆಲ್ಲ ಇದರಲ್ಲಿ ಉಂಟು ಮಾರಾಯ್ರೆ, ಕೂತ್ಕೊಳ್ಳಿ," ಎಂದ ಅಂಗಾರ. ಅಂದಿನಿಂದ ಪ್ರತಿ ಭಾನುವಾರ ಅದೇ ಕುರ್ಚಿ, ಅದೇ ಬಿಳಿ ಕಾರು, ಅದೇ ಕೊನೆಯ ಸ್ಥಾನ. ಪರೇಲಿನ ಬೀದಿಗಳಲ್ಲಿ ಬಿಟ್ಟ ಬಾಣದಂತೆ ಹೋಗುವವನು, ಸಮುದ್ರದ ಮೇಲಿನ ಸೇತುವೆ ಬಂದದ್ದೇ ತಡ, ಬಸುರಿಯನ್ನು ಕೂರಿಸಿಕೊಂಡ ಎತ್ತಿನ ಗಾಡಿಯಂತೆ ತೆವಳುತ್ತಿದ್ದ. "ಅಂಕಲ್, ರೇಸ್ ಹೈ, ಬಾರಾತ್ ನಹೀ!" ಎಂದು, ಇದೇನು ಮದುವೆ ದಿಬ್ಬಣವೇ ಎಂಬಂತೆ ಹುಡುಗರು ಕೂಗಿದರೆ, "ನಿಮಗ ಗೆಲ್ಲೂದೈತಿ, ನನಗ ನೋಡೂದೈತಿ, ಸುಮ್ನಿರ್ರಪಾ" ಎನ್ನುತ್ತಿದ್ದ. ಅಂಗಾರನಿಗೆ ಕಾರಣ ತಿಳಿದದ್ದು ಆಮೇಲೆ. ಆ ಸೇತುವೆ ಕಟ್ಟುವಾಗ ಗುರಲಿಂಗಪ್ಪ ಮೇಲೆ ಕಬ್ಬಿಣ ಕಟ್ಟುತ್ತಿದ್ದ, ಹೆಂಡತಿ ಮಲ್ಲಕ್ಕ ಬುಡದಲ್ಲಿ ಸಿಮೆಂಟು ಹೊರುತ್ತಿದ್ದಳು. ಮೇಲಿನಿಂದ ಕಡಲು ತೋರಿಸುತ್ತೇನೆಂದು ಆಕೆಗೆ ಮಾತು ಕೊಟ್ಟಿದ್ದ. ಸೇತುವೆ ತೆರೆದ ಮೇಲೆ ಇಬ್ಬರೂ ಹೋದರೆ, ನಡೆದು ಬರುವವರನ್ನು ಬಿಡುವುದಿಲ್ಲವೆಂದು ಕಾವಲುಗಾರ ತಿರುಗಿಸಿ ಕಳಿಸಿದ್ದ. ಒಂದು ಭಾನುವಾರ ಗುರಲಿಂಗಪ್ಪ ಮಲ್ಲಕ್ಕನನ್ನೇ ಪಾರ್ಲರಿಗೆ ಕರೆತಂದು, ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಪರದೆಯ ಮೇಲೆ ಸೇತುವೆ ದಾಟಿಸಿದ. ಆಕೆ ಸೆರಗು ಬಿಗಿಹಿಡಿದು ಕೊನೆಯವರೆಗೂ ನೋಡಿ, "ಛಂದ ಐತಿ. ಆದ್ರ ಗಾಳೀನ ಬರವಲ್ದಲ್ಲ?" ಎಂದಳು. ಅವನು ಮರುದಿನವೇ ಡ್ರೈವಿಂಗ್ ಕ್ಲಾಸಿಗೆ ಸೇರಿದ. ಈಗ ಗುರಲಿಂಗಪ್ಪ ವಡಾಲದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಭಾನುವಾರ ಮಾತ್ರ ಬಾಡಿಗೆ ಹಿಡಿಯದೆ, ಮುಂದಿನ ಸೀಟಿನಲ್ಲಿ ಮಲ್ಲಕ್ಕನನ್ನು ಕೂರಿಸಿಕೊಂಡು, ಗಾಜು ಪೂರ್ತಿ ಇಳಿಸಿ, ಸೇತುವೆ ದಾಟುತ್ತಾನೆ.