ಅಜ್ಜಿ ಕೂತಲ್ಲೇ ತುದಿ

ಸಂಜೆ ಆರು ಗಂಟೆ. ತೀರಿಹೋದ ಅಪ್ಪನ ಬಟ್ಟೆ ವಿಂಗಡಿಸುವುದರಲ್ಲೇ ಇಡೀ ದಿನ ಕಳೆಯಿತು. ಬೀರುವಿನ ತಳದಲ್ಲಿ ಸಿಕ್ಕ ಕ್ಯಾನ್ವಾಸ್ ಚೀಲದಲ್ಲಿ ಇನ್ನೂ ಪುಳಿಯೋಗರೆಯ ವಾಸನೆ ಇತ್ತು.

ನಾನು ಚಿಕ್ಕವಳಿದ್ದಾಗ ಆ ಚೀಲ ಹೊತ್ತು ಅಪ್ಪ ರಾಜಾಜಿನಗರದಿಂದ ನನ್ನನ್ನೂ ಅಜ್ಜಿಯನ್ನೂ ಮಾಗಡಿ ರಸ್ತೆಯಾಚೆಯ ಒಂದು ಸಣ್ಣ ಬೆಟ್ಟಕ್ಕೆ ಕರೆದೊಯ್ಯುತ್ತಿದ್ದರು. ಯಾರು ಬೇಕಾದರೂ ಹತ್ತಬಹುದಾದ ಬೆಟ್ಟ. ಆದರೂ ಅರ್ಧ ದಾರಿಗೇ ಅಜ್ಜಿ ಮಂಡಿ ಹಿಡಿದು ಕೂರುತ್ತಿದ್ದರು. ಅಪ್ಪ ಅಲ್ಲೇ ಬೆಡ್‌ಶೀಟ್ ಹಾಸುತ್ತಿದ್ದರು.

"ಅಜ್ಜಿ ಕೂತಲ್ಲೇ ತುದಿ ಕಣೇ. ಇಲ್ಲಿಂದ್ಲೂ ಎಲ್ಲಾ ಕಾಣುತ್ತೆ."

ಕೈಗೂಸು ಎತ್ತಿಕೊಂಡವರೂ ನಮ್ಮನ್ನು ದಾಟಿ ಮೇಲೆ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಭಾನುವಾರ ತಡೆಯಲಾರದೆ ತುದಿಗೆ ಓಡಿಬಿಟ್ಟೆ. ಅಪ್ಪ ಏದುಸಿರು ಬಿಡುತ್ತಾ ಹಿಂದೆಯೇ ಬಂದರು. ಬೈಯಲಿಲ್ಲ. ಕೆಳಗಿನ ಕೆರೆ, ರಾಗಿ ಹೊಲಗಳನ್ನು ನೋಡುತ್ತಾ ನಿಂತರು.

"ನೀವು ನೋಡಿರೋದೇ ಅಲ್ವಾ ಇದೆಲ್ಲ?" ಎಂದು ಸಿಡುಕಿದೆ.

"ಇಲ್ಲ ಕಣೇ. ನಿನ್ನಷ್ಟಿದ್ದಾಗಿಂದ ಬರ್ತಿದೀನಿ. ಆಗ್ಲೂ ನಮ್ಮಮ್ಮಂಗೆ ಮಂಡಿ ನೋವೇ. ಬಿಟ್ಟು ಹೆಂಗೆ ಬರೋದು?"

ಎರಡು ನಿಮಿಷವೂ ಆಗಿರಲಿಲ್ಲ. "ನಡಿ, ಅಜ್ಜಿ ಒಬ್ರೇ ಇದಾರೆ" ಎಂದು ಇಳಿದೇಬಿಟ್ಟರು.

ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಬಾರದಿತ್ತೆ ಎಂಬ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ.

ನಾಳೆ ಅಪ್ಪನ ಹದಿಮೂರನೇ ದಿನ. ಅಡುಗೆಯವರು ಬೆಳಿಗ್ಗೆ ಐದೂವರೆಗೆ ಬರುತ್ತಾರೆ.