ಕಾಲು ಮುಂದಾಗಿ ಹುಟ್ಟಿದ ಸೊಸೆ

ಐವತ್ತರ ದಶಕದಲ್ಲಿ ದಾವಣಗೆರೆಯ ಕೆ.ಬಿ. ಬಡಾವಣೆಗೆ ಸೊಂಟದ ತಜ್ಞೆ ಎಂದರೆ ನಮ್ಮ ಪಕ್ಕದ ಮನೆಯ ಸೊಸೆ. ಓದು ದೊಡ್ಡದೇನಲ್ಲ, ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದಿದ್ದಳು, ಅಷ್ಟೇ. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆಂದು ಗಿರಣಿಯ ಕಾರ್ಮಿಕರು, ಲೋಕಿಕೆರೆಯ ರೈತರು ಬೆಳಗಾದರೆ ಅವಳ ಜಗಲಿಯಲ್ಲಿ ಬಾಗಿಕೊಂಡು ಕಾಯುತ್ತಿದ್ದರು.

ಹಾಗಂತ ಸುಮ್ಮನೆ ಒದೆಯುವವಳಲ್ಲ. "ಸೊಂಟ ಒಂದೇ ನೋಡಿದ್ರೆ ಆಗಲ್ರಿ, ಪೂರಾ ಮನುಷ್ಯನ್ನ ನೋಡ್ಬೇಕು" ಎನ್ನುವಳು. ಊಟ, ನಿದ್ದೆ, ಹೊಟ್ಟೆಯ ಸಮಾಚಾರವೆಲ್ಲ ವಿಚಾರಿಸಿ, ಕೊನೆಗೆ "ಸಿಟ್ಟು ಯಾರ ಮ್ಯಾಲೈತ್ರಿ?" ಎಂದು ಕೇಳುವಳು. ಹೆಸರು ಹೇಳಿದರೆ ಮಾತ್ರ ಒದೆ. ನಾನು ನಮ್ಮ ಹೆಡ್‌ಮಾಸ್ತರ ಹೆಸರು ಹೇಳಿ ಒದೆಸಿಕೊಂಡಿದ್ದೆ.

ಕಾಲು ಮುಂದಾಗಿ ಬಂದವಳು ಮನೆಗೆ ಕೇಡು ಎಂದು ಅವಳ ಅತ್ತೆ ಬೀದಿಗೆಲ್ಲ ಸಾರಿದ್ದರು. ಒಂದು ಬೆಳಿಗ್ಗೆ ಕೊಡ ಎತ್ತಲು ಬಗ್ಗಿದ ಅತ್ತೆ ಹಾಗೇ ಉಳಿದರು. ಡಾಕ್ಟರ ಮುಲಾಮಿಗೂ ಸೊಂಟ ಜಗ್ಗಲಿಲ್ಲ. ಬೇರೆ ದಾರಿ ಕಾಣದೆ, ತಮ್ಮದೇ ಜಗಲಿಗೆ ಬಂದು ಎಲ್ಲರ ಹಿಂದೆ ಕೂತರು.

ಸರದಿ ಬಂದಾಗ ಸೊಸೆ ಊಟ, ನಿದ್ದೆ ಎಲ್ಲ ಕೇಳಿ, ಅಷ್ಟೇ ವಿನಯದಿಂದ, "ಸಿಟ್ಟು ಯಾರ ಮ್ಯಾಲೈತ್ರಿ, ಅತ್ತೆ?" ಎಂದಳು.

"ಗೊತ್ತಿಲ್ಲೇನೇ? ನಿನ್ ಮ್ಯಾಲೆ!"

"ಹಂಗ್ ಬಾಯ್ಬಿಟ್ಟು ಹೇಳ್ಬೇಕು ನೋಡ್ರಿ" ಎಂದು ಒದ್ದಳು. ಅಷ್ಟು ಮನಸ್ಸಿಟ್ಟು ಕೊಟ್ಟ ಚಿಕಿತ್ಸೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಆಮೇಲೆ ಹಿರಿಯರಿಗೆ ಕಾಲು ತಾಗಿತೆಂದು ಭಕ್ತಿಯಿಂದ ಅತ್ತೆಯ ಪಾದ ಮುಟ್ಟಿ ನಮಸ್ಕರಿಸಿದಳು.

ಮರುದಿನ ಅತ್ತೆ ನಮ್ಮ ಮನೆಗೆ ಬಂದರು.

"ಆ ಡಾಕ್ಟರ್ ಮುಲಾಮು ಭಾಳ ಚಲೋ ಐತೆ ನೋಡ್ರಿ" ಎಂದರು, ನೆಟ್ಟಗೆ ನಿಂತುಕೊಂಡು.